ಬೀದಿ ಮತ್ತು ನ್ಯಾಯಾಲಯದ ನಡುವೆ: ಮಾರ್ಟಿನ್ ಲೂಥರ್ ಕಿಂಗ್ ಸವೆಸಿದ ಹಾದಿ

1956ರ ನವೆಂಬರ್ 13, ಮಂಗಳವಾರ. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮ ರಾಜ್ಯದ ರಾಜಧಾನಿ ಮಾಂಟ್‌ಗೊಮರಿಯ ನ್ಯಾಯಾಲಯದಲ್ಲಿ 27 ವರ್ಷದ ಪಾದ್ರಿಯೊಬ್ಬರು ಚಿಂತಾಕ್ರಾಂತರಾಗಿ ಕುಳಿತಿದ್ದರು. ನಗರದ ಕಪ್ಪು ವರ್ಣೀಯರು ಬಸ್ಸು ಹತ್ತುವುದನ್ನು ಬಿಟ್ಟು ಹನ್ನೊಂದು ತಿಂಗಳು ಕಳೆದಿತ್ತು. ಕೆಲಸಕ್ಕೆ ಹೋಗುವವರನ್ನು ಸಾಗಿಸಲು ಅವರು ತಾವೇ ಸುಮಾರು 300 ಕಾರುಗಳ ವ್ಯವಸ್ಥೆ ಮಾಡಿಕೊಂಡಿದ್ದರು. ಅನುಮತಿ ಇಲ್ಲದ ಈ ಸಾರಿಗೆಯನ್ನು ನಿಲ್ಲಿಸಬೇಕೆಂದು ನಗರಾಡಳಿತ ತಡೆಯಾಜ್ಞೆ ಕೋರಿತ್ತು. ತಡೆಯಾಜ್ಞೆ ದೊರೆಯುವುದು ಬಹುತೇಕ ಖಚಿತವಾಗಿತ್ತು. ಕಾರುಗಳು ನಿಂತರೆ ಚಳವಳಿಯೂ ನಿಲ್ಲುತ್ತದೆ ಎಂಬುದು ಆ ಪಾದ್ರಿಗೆ ಗೊತ್ತಿತ್ತು.

ಕಲಾಪದ ವಿರಾಮದ ವೇಳೆ ಸುದ್ದಿಸಂಸ್ಥೆಯ ವರದಿಗಾರರೊಬ್ಬರು ಬಂದು ಅವರ ಕೈಗೆ ಒಂದು ಚೀಟಿ ಇತ್ತರು. ಮಾಂಟ್‌ಗೊಮರಿಯ ಬಸ್ಸುಗಳಲ್ಲಿ ವರ್ಣದ ಆಧಾರದ ಮೇಲೆ ಆಸನಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂಬ ಕೆಳ ನ್ಯಾಯಾಲಯದ ತೀರ್ಪನ್ನು ವಾಷಿಂಗ್ಟನ್‌ನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಅದೇ ದಿನ ಸ್ಥಳೀಯ ನ್ಯಾಯಾಧೀಶರು ಕಾರುಗಳ ಓಡಾಟಕ್ಕೆ ತಡೆಯೊಡ್ಡಿದರು. ಒಂದು ನ್ಯಾಯಾಲಯ ಮುಚ್ಚಿದ ಬಾಗಿಲನ್ನು ಅದಕ್ಕಿಂತ ದೊಡ್ಡ ನ್ಯಾಯಾಲಯ ತೆರೆದಿತ್ತು.

ಆ ಪಾದ್ರಿಯ ಹೆಸರು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್. ಅವರನ್ನು ಜಗತ್ತು ಇಂದಿಗೂ ನೆನೆಯುವುದು ಮಹಾನ್ ಭಾಷಣಕಾರರೆಂದು, ಗಾಂಧೀಜಿಯ ದಾರಿಯಲ್ಲಿ ನಡೆದ ಅಹಿಂಸಾವಾದಿಯೆಂದು. ಅದು ಸರಿಯೇ. ಆದರೆ ಅವರ ಹದಿಮೂರು ವರ್ಷಗಳ ಸಾರ್ವಜನಿಕ ಬದುಕಿನುದ್ದಕ್ಕೂ ಕಾಡಿದ ಪ್ರಶ್ನೆ ಮತ್ತೊಂದಿದೆ. ನ್ಯಾಯಾಧೀಶರ ಆಜ್ಞೆ ಎದುರಿಗಿರುವಾಗ ಮೆರವಣಿಗೆ ಮುಂದುವರಿಯಬೇಕೇ, ನಿಲ್ಲಬೇಕೇ? ಕಾನೂನಿನ ಮೂಲಕವೇ ನ್ಯಾಯ ಪಡೆಯಬೇಕಾದವರು ಕಾನೂನನ್ನು ಮುರಿಯಬಹುದೇ? ಈ ಪ್ರಶ್ನೆಗೆ ಕಿಂಗ್ ಒಂದೊಂದು ಊರಿನಲ್ಲಿ ಒಂದೊಂದು ಉತ್ತರ ಕೊಟ್ಟರು. ಪ್ರತಿ ಉತ್ತರಕ್ಕೂ ಅವರು ಬೆಲೆ ತೆರಬೇಕಾಯಿತು.

ಅಟ್ಲಾಂಟದ ಬಾಲ್ಯ

ಕಿಂಗ್ ಹುಟ್ಟಿದ್ದು 1929ರ ಜನವರಿ 15ರಂದು, ಜಾರ್ಜಿಯಾ ರಾಜ್ಯದ ಅಟ್ಲಾಂಟ ನಗರದಲ್ಲಿ. ತಾಯಿಯ ತಂದೆ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿದ್ದರು. ಅವರ ನಂತರ ಆ ಸ್ಥಾನಕ್ಕೆ ಬಂದವರು ಕಿಂಗ್ ಅವರ ತಂದೆ. ಹೀಗಾಗಿ ಮನೆಯಲ್ಲಿ ಬಡತನವಿರಲಿಲ್ಲ. ಅವಮಾನಕ್ಕೆ ಮಾತ್ರ ಕೊರತೆಯಿರಲಿಲ್ಲ. ಮನೆಯ ಸಮೀಪದ ಬಿಳಿಯ ಬಾಲಕನೊಬ್ಬ ಅವರ ಆಟದ ಗೆಳೆಯನಾಗಿದ್ದ. ಇಬ್ಬರೂ ಶಾಲೆಗೆ ಸೇರುವ ವಯಸ್ಸಾದಾಗ, ಇನ್ನು ಮುಂದೆ ಜತೆಯಾಗಿ ಆಡುವಂತಿಲ್ಲ ಎಂದು ಆ ಬಾಲಕನ ಮನೆಯವರು ತಾಕೀತು ಮಾಡಿದರು. ಅಂದು ರಾತ್ರಿ ಊಟದ ಮೇಜಿನ ಬಳಿ ತಂದೆತಾಯಿಯರು ಗುಲಾಮಗಿರಿಯ ಕಥೆಯನ್ನು ಮಗನಿಗೆ ಮೊದಲ ಬಾರಿಗೆ ವಿವರಿಸಿ ಹೇಳಿದರು.

ಪ್ರೌಢಶಾಲೆಯಲ್ಲಿದ್ದಾಗ, 1944ರಲ್ಲಿ, ಕಿಂಗ್ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಭಾಷಣ ಸ್ಪರ್ಧೆಗೆ ಹೋದರು. ಅಮೆರಿಕದ ಸಂವಿಧಾನ ಮತ್ತು ಕಪ್ಪು ಜನಾಂಗ ಎಂಬುದು ಅವರ ಭಾಷಣದ ವಿಷಯ. ಮರಳಿ ಬರುವಾಗ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕರು ಹತ್ತಿದರು. ಆಸನ ಬಿಟ್ಟು ಏಳುವಂತೆ ಚಾಲಕ ಗದರಿಸಿದ. ಸಂವಿಧಾನದ ಸಮಾನತೆಯ ಬಗ್ಗೆ ಮಾತನಾಡಿ ಬಂದ ಹುಡುಗ ತನ್ನ ಶಿಕ್ಷಕಿಯೊಂದಿಗೆ ಸುಮಾರು 145 ಕಿಲೋಮೀಟರ್ ದೂರ ನಿಂತೇ ಪ್ರಯಾಣಿಸಬೇಕಾಯಿತು. ಬದುಕಿನಲ್ಲಿ ಅಷ್ಟು ಕೋಪ ಇನ್ನೆಂದೂ ಬಂದಿರಲಿಲ್ಲವೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ.

ಹದಿನೈದನೇ ವಯಸ್ಸಿಗೇ ಅಟ್ಲಾಂಟದ ಮೋರ್‌ಹೌಸ್ ಕಾಲೇಜು ಸೇರಿದ ಕಿಂಗ್ ಸಮಾಜಶಾಸ್ತ್ರದಲ್ಲಿ ಪದವಿ ಪಡೆದರು. ಬಳಿಕ ಪೆನ್ಸಿಲ್ವೇನಿಯಾದ ಕ್ರೋಜರ್ ದೇವಶಾಸ್ತ್ರ ವಿದ್ಯಾಲಯದಲ್ಲಿ ಓದುತ್ತಿದ್ದಾಗ, ಭಾರತ ಪ್ರವಾಸ ಮುಗಿಸಿ ಬಂದಿದ್ದ ಶಿಕ್ಷಣತಜ್ಞ ಮೊರ್ಡೆಕಾಯ್ ಜಾನ್ಸನ್ ಅವರ ಉಪನ್ಯಾಸ ಕೇಳಿದರು. ವಿಷಯ ಗಾಂಧೀಜಿಯವರ ಸತ್ಯಾಗ್ರಹ. ಸಭೆಯಿಂದ ಹೊರಬಂದವರೇ ಗಾಂಧೀಜಿಯ ಕುರಿತ ಹಲವು ಪುಸ್ತಕಗಳನ್ನು ಕೊಂಡು ಓದಿದರು. ಮುಂದೆ ಬಾಸ್ಟನ್ ವಿಶ್ವವಿದ್ಯಾಲಯದಿಂದ 1955ರಲ್ಲಿ ಡಾಕ್ಟರೇಟ್ ಪಡೆದರು. ಆ ಮಹಾಪ್ರಬಂಧದ ಕೆಲವು ಭಾಗಗಳು ಇತರರ ಬರಹದಿಂದ ಸೂಕ್ತ ಉಲ್ಲೇಖವಿಲ್ಲದೆ ಎತ್ತಿಕೊಂಡವು ಎಂದು ವಿಶ್ವವಿದ್ಯಾಲಯದ ಸಮಿತಿ 1991ರಲ್ಲಿ ಹೇಳಿತು. ಪದವಿಯನ್ನು ಮಾತ್ರ ಹಿಂಪಡೆಯಲಿಲ್ಲ. ಬಾಸ್ಟನ್‌ನಲ್ಲಿ ಪರಿಚಯವಾದ ಸಂಗೀತ ವಿದ್ಯಾರ್ಥಿನಿ ಕೊರೆಟ್ಟಾ ಸ್ಕಾಟ್ ಅವರನ್ನು ಕಿಂಗ್ 1953ರಲ್ಲಿ ವಿವಾಹವಾದರು. 1954ರಲ್ಲಿ ಮಾಂಟ್‌ಗೊಮರಿಯ ಡೆಕ್ಸ್ಟರ್ ಅವೆನ್ಯೂ ಚರ್ಚಿನ ಪಾದ್ರಿಯಾಗಿ ದಂಪತಿ ದಕ್ಷಿಣಕ್ಕೆ ಮರಳಿದರು.

ಕಾನೂನೇ ಕಟ್ಟಿದ ಗೋಡೆ

ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದ ಬರೀ ಸಾಮಾಜಿಕ ರೂಢಿಯಾಗಿರಲಿಲ್ಲ. ಅದು ಶಾಸನವಾಗಿತ್ತು. ಶಾಲೆ, ಆಸ್ಪತ್ರೆ, ರೈಲು, ಉಪಾಹಾರ ಗೃಹ, ಕುಡಿಯುವ ನೀರಿನ ನಲ್ಲಿ ಎಲ್ಲವೂ ಬೇರೆ ಬೇರೆ. ಸೌಲಭ್ಯಗಳು ಸಮಾನವಾಗಿದ್ದರೆ ಜನರನ್ನು ಪ್ರತ್ಯೇಕಿಸುವುದರಲ್ಲಿ ತಪ್ಪಿಲ್ಲ ಎಂದು 1896ರಲ್ಲಿ ಸುಪ್ರೀಂ ಕೋರ್ಟೇ ಪ್ಲೆಸಿ ಪ್ರಕರಣದಲ್ಲಿ ಹೇಳಿಬಿಟ್ಟಿತ್ತು. ಸಮಾನತೆ ಎಲ್ಲಿಯೂ ಇರಲಿಲ್ಲ; ಪ್ರತ್ಯೇಕತೆ ಮಾತ್ರ ಎಲ್ಲೆಡೆ ಇತ್ತು.

ಈ ಗೋಡೆಗೆ ಮೊದಲ ದೊಡ್ಡ ಬಿರುಕು ಬಿದ್ದದ್ದು ನ್ಯಾಯಾಲಯದಲ್ಲೇ. ವಕೀಲ ಥರ್ಗುಡ್ ಮಾರ್ಷಲ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಮೊಕದ್ದಮೆಗಳನ್ನು ಹೂಡುತ್ತ ಬಂದ ಫಲವಾಗಿ, 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು ಸಂವಿಧಾನಬಾಹಿರವೆಂದು ಸಾರಿತು. ಆದರೆ ತೀರ್ಪು ಕಾಗದದ ಮೇಲೆ ಉಳಿಯಿತು. ಹತ್ತು ವರ್ಷ ಕಳೆದ ನಂತರವೂ ದಕ್ಷಿಣದ 11 ರಾಜ್ಯಗಳಲ್ಲಿ ಬಿಳಿಯ ಮಕ್ಕಳೊಂದಿಗೆ ಕುಳಿತು ಕಲಿಯುತ್ತಿದ್ದ ಕಪ್ಪು ಮಕ್ಕಳ ಪ್ರಮಾಣ ನೂರಕ್ಕೆ ಎರಡರಷ್ಟೂ ಇರಲಿಲ್ಲ. ತೀರ್ಪು ಬಂದ ಮಾತ್ರಕ್ಕೆ ಬದುಕು ಬದಲಾಗದು ಎಂಬುದು ಕಿಂಗ್ ಅವರ ತಲೆಮಾರಿಗೆ ಬೇಗನೆ ಮನವರಿಕೆಯಾಯಿತು.

381 ದಿನಗಳ ನಡಿಗೆ

ಮಾಂಟ್‌ಗೊಮರಿಯ ಬಸ್ಸುಗಳಲ್ಲಿ ಮುಂದಿನ ಹತ್ತು ಆಸನಗಳು ಬಿಳಿಯರಿಗೆ ಮೀಸಲು. ಅವು ಭರ್ತಿಯಾದರೆ ಮಧ್ಯದ ಸಾಲುಗಳಲ್ಲಿರುವ ಕಪ್ಪು ಪ್ರಯಾಣಿಕರು ಎದ್ದು ಜಾಗ ಬಿಡಬೇಕು. ಮುಂಬಾಗಿಲಲ್ಲಿ ಹಣ ಕೊಟ್ಟು, ಕೆಳಗಿಳಿದು, ಹಿಂಬಾಗಿಲಿಂದ ಹತ್ತುವಂತೆ ಚಾಲಕರು ಅವರನ್ನು ಒತ್ತಾಯಿಸುತ್ತಿದ್ದುದೂ ಉಂಟು. 1955ರ ಮಾರ್ಚ್‌ನಲ್ಲಿ 15 ವರ್ಷದ ವಿದ್ಯಾರ್ಥಿನಿ ಕ್ಲಾಡೆಟ್ ಕಾಲ್ವಿನ್ ಏಳಲು ನಿರಾಕರಿಸಿ ಬಂಧನಕ್ಕೊಳಗಾದಳು. ಅದೇ ವರ್ಷದ ಡಿಸೆಂಬರ್ 1ರ ಸಂಜೆ ಹೊಲಿಗೆ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ರೋಸಾ ಪಾರ್ಕ್ಸ್ ಅದನ್ನೇ ಮಾಡಿದರು. ಪಾರ್ಕ್ಸ್ ದಣಿದ ಸಾಮಾನ್ಯ ಪ್ರಯಾಣಿಕರಷ್ಟೇ ಆಗಿರಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯ ಕಾರ್ಯದರ್ಶಿಯಾಗಿ ದುಡಿದ ಅನುಭವ ಅವರಿಗಿತ್ತು.

ಆ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ ಬಸ್ ಬಹಿಷ್ಕಾರಕ್ಕೆ ಕರೆ ನೀಡುವ ಸಾವಿರಾರು ಕರಪತ್ರಗಳ ಪ್ರತಿ ತೆಗೆದರು. ಡಿಸೆಂಬರ್ 5ರಂದು ಬಸ್ಸುಗಳು ಬಹುತೇಕ ಖಾಲಿ ಓಡಿದವು. ಅಂದು ಮಧ್ಯಾಹ್ನ ರಚನೆಯಾದ ಹೋರಾಟ ಸಮಿತಿಗೆ 26 ವರ್ಷದ ಕಿಂಗ್ ಅಧ್ಯಕ್ಷರಾದರು. ಊರಿಗೆ ಹೊಸಬರಾದ್ದರಿಂದ ಅವರಿಗೆ ಯಾವ ಬಣದ ಹಗೆಯೂ ಇರಲಿಲ್ಲ. ಅಧ್ಯಕ್ಷ ಪದವಿ ಒಲಿದದ್ದಕ್ಕೆ ಅದೂ ಒಂದು ಕಾರಣ.

ಕುತೂಹಲದ ಸಂಗತಿಯೆಂದರೆ, ಚಳವಳಿಯ ಆರಂಭದ ಬೇಡಿಕೆಗಳು ತೀರ ಸಾಧಾರಣವಾಗಿದ್ದವು. ಚಾಲಕರು ಸೌಜನ್ಯದಿಂದ ವರ್ತಿಸಬೇಕು. ಮೊದಲು ಬಂದವರಿಗೆ ಮೊದಲು ಆಸನ, ಆದರೆ ಕಪ್ಪು ಜನರು ಹಿಂದಿನಿಂದಲೂ ಬಿಳಿಯರು ಮುಂದಿನಿಂದಲೂ ಕೂರಲಿ. ಕಪ್ಪು ಜನರ ಬಡಾವಣೆಗಳ ಮಾರ್ಗಗಳಿಗೆ ಕಪ್ಪು ಚಾಲಕರನ್ನು ನೇಮಿಸಲಿ. ಇಷ್ಟನ್ನೂ ನಗರಾಡಳಿತ ಒಪ್ಪಲಿಲ್ಲ. 1956ರ ಜನವರಿ 30ರ ರಾತ್ರಿ ಕಿಂಗ್ ಅವರ ಮನೆಯ ಮೇಲೆ ಬಾಂಬ್ ಬಿತ್ತು. ಪತ್ನಿ ಮತ್ತು ಹಸುಗೂಸು ಒಳಗಿದ್ದರು; ಇಬ್ಬರಿಗೂ ಅಪಾಯವಾಗಲಿಲ್ಲ. ರೊಚ್ಚಿಗೆದ್ದ ಜನ ಮನೆಯ ಮುಂದೆ ಸೇರಿದಾಗ, ಕೆಲವರ ಕೈಯಲ್ಲಿ ಆಯುಧಗಳೂ ಇದ್ದವು. ಒಡೆದ ಜಗಲಿಯ ಮೇಲೆ ನಿಂತು ಕಿಂಗ್ ಅವರನ್ನು ಸಮಾಧಾನಪಡಿಸಿ ಮನೆಗೆ ಕಳುಹಿಸಿದರು.

ಬಾಂಬ್ ಬಿದ್ದ ಎರಡನೆಯ ದಿನ, ಫೆಬ್ರುವರಿ 1ರಂದು, ಯುವ ವಕೀಲ ಫ್ರೆಡ್ ಗ್ರೇ ಬಸ್ಸುಗಳಲ್ಲಿನ ಪ್ರತ್ಯೇಕತೆಯನ್ನೇ ಪ್ರಶ್ನಿಸಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅರ್ಜಿದಾರರಲ್ಲಿ ಆರೀಲಿಯಾ ಬ್ರೌಡರ್ ಮತ್ತು ಬಾಲಕಿ ಕಾಲ್ವಿನ್ ಸೇರಿದ್ದರು. ಪಾರ್ಕ್ಸ್ ಅವರ ಪ್ರಕರಣ ರಾಜ್ಯದ ನ್ಯಾಯಾಲಯಗಳಲ್ಲೇ ಸಿಕ್ಕಿಕೊಳ್ಳಬಹುದೆಂಬ ಕಾರಣಕ್ಕೆ ಅವರ ಹೆಸರನ್ನು ಸೇರಿಸಲಿಲ್ಲ. ಜೂನ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ ಇಬ್ಬರ ಬಹುಮತದಿಂದ ಅರ್ಜಿದಾರರ ಪರ ತೀರ್ಪಿತ್ತಿತು. ಆ ಇಬ್ಬರಲ್ಲಿ ಒಬ್ಬರು ಅಲಬಾಮದವರೇ ಆದ ಫ್ರಾಂಕ್ ಜಾನ್ಸನ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಇತ್ತ ಬಹಿಷ್ಕಾರವನ್ನು ನಿಷೇಧಿಸುವ 1921ರ ಹಳೆಯ ಕಾಯ್ದೆಯೊಂದನ್ನು ಹುಡುಕಿ ತೆಗೆದ ಅಧಿಕಾರಿಗಳು ಕಿಂಗ್ ಸೇರಿ ಹಲವರ ಮೇಲೆ ಮೊಕದ್ದಮೆ ಹೂಡಿದರು. ಕಿಂಗ್ ಅವರಿಗೆ 500 ಡಾಲರ್ ದಂಡ ವಿಧಿಸಲಾಯಿತು. ಜನ ಮಾತ್ರ ನಡೆಯುತ್ತಲೇ ಇದ್ದರು. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶ ಡಿಸೆಂಬರ್ 20ರಂದು ನಗರವನ್ನು ತಲುಪಿತು. ಮರುದಿನ ಬೆಳಿಗ್ಗೆ ಕಿಂಗ್ ಬಸ್ಸು ಹತ್ತಿ ಮುಂದಿನ ಆಸನದಲ್ಲಿ ಕುಳಿತರು. ಬಹಿಷ್ಕಾರ 381 ದಿನ ನಡೆದಿತ್ತು.

ಗೆದ್ದದ್ದು ಯಾರು? ನ್ಯಾಯಾಲಯದ ತೀರ್ಪಿನಿಂದಲೇ ಬಸ್ಸುಗಳು ಬದಲಾದವು, ಅಷ್ಟು ದಿನ ನಡೆಯುವ ಅಗತ್ಯವಿರಲಿಲ್ಲ ಎಂಬುದು ಥರ್ಗುಡ್ ಮಾರ್ಷಲ್ ಅವರ ಅಭಿಪ್ರಾಯವಾಗಿತ್ತು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಶಾಲೆಗಳ ತೀರ್ಪು ಧೂಳು ಹಿಡಿದಂತೆ ಬಸ್ಸಿನ ತೀರ್ಪು ಧೂಳು ಹಿಡಿಯಲಿಲ್ಲ. ಅದನ್ನು ಜಾರಿಗೆ ತರಲು ಒಂದು ಇಡೀ ಊರಿನ ಕಪ್ಪು ಜನತೆ ಸಂಘಟಿತವಾಗಿ, ಅಂಜಿಕೆ ಬಿಟ್ಟು ಕಾದು ನಿಂತಿತ್ತು.

ಭಾರತ ಯಾತ್ರೆ

1957ರಲ್ಲಿ ದಕ್ಷಿಣದ ಪಾದ್ರಿಗಳನ್ನು ಒಗ್ಗೂಡಿಸಿ ಸದರ್ನ್ ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್ ಎಂಬ ಸಂಘಟನೆ ಕಟ್ಟಿದ ಕಿಂಗ್, 1959ರ ಫೆಬ್ರುವರಿಯಲ್ಲಿ ಪತ್ನಿ ಕೊರೆಟ್ಟಾ ಅವರೊಂದಿಗೆ ಭಾರತಕ್ಕೆ ಬಂದರು. ದೆಹಲಿಯಲ್ಲಿ ಪ್ರಧಾನಿ ನೆಹರೂ ಅವರ ಆತಿಥ್ಯ ಸ್ವೀಕರಿಸಿದರು. ಸುಮಾರು ಒಂದು ತಿಂಗಳ ಈ ಯಾತ್ರೆಯಲ್ಲಿ ಪಟ್ನಾ, ಕಲ್ಕತ್ತಾ, ಮದ್ರಾಸ್, ಬೆಂಗಳೂರು, ಬೊಂಬಾಯಿ, ಸಾಬರಮತಿ ಮೊದಲಾದೆಡೆ ಸಂಚರಿಸಿದರು.

ತಿರುವನಂತಪುರದಲ್ಲಿ ನಡೆದ ಒಂದು ಪ್ರಸಂಗ ಅವರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ದಲಿತ ಕುಟುಂಬಗಳ ಮಕ್ಕಳೇ ಹೆಚ್ಚಾಗಿದ್ದ ಶಾಲೆಯೊಂದಕ್ಕೆ ಹೋದಾಗ, ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂಬ ಅರ್ಥದಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಪರಿಚಯಿಸಿದರು. ಕ್ಷಣಕಾಲ ಕಿಂಗ್ ಅವರಿಗೆ ಬೇಸರವೇ ಆಯಿತು. ಬಳಿಕ ತಮ್ಮ ದೇಶದ ಎರಡು ಕೋಟಿ ಕಪ್ಪು ಜನರ ಸ್ಥಿತಿಯನ್ನು ನೆನೆದು, ಆ ಮಾತು ನಿಜವೆಂದು ತಮಗೆ ತಾವೇ ಒಪ್ಪಿಕೊಂಡರು. ಅಸ್ಪೃಶ್ಯತೆಯನ್ನು ಭಾರತದ ಸಂವಿಧಾನ ನಿಷೇಧಿಸಿದ್ದು, ಶಿಕ್ಷಣದಲ್ಲಿ ದಲಿತರಿಗೆ ಆದ್ಯತೆ ಕೊಡುವ ಹೊಣೆಯನ್ನು ಸರ್ಕಾರವೇ ಹೊತ್ತದ್ದು ಅವರನ್ನು ಆಕರ್ಷಿಸಿದವು. ಆಚರಣೆಯಲ್ಲಿ ಅಸ್ಪೃಶ್ಯತೆ ಇನ್ನೂ ಉಳಿದಿದೆ ಎಂಬುದು ಅವರ ಗಮನಕ್ಕೆ ಬಾರದಿರಲಿಲ್ಲ. ಆದರೆ ಆಳುವವರು ಕಾನೂನಿನ ಬಲದೊಂದಿಗೆ ಸಮಾನತೆಯ ಪರ ನಿಂತರೆ ದಾರಿ ಎಷ್ಟು ಸುಗಮವಾಗುತ್ತದೆ ಎಂಬ ಅರಿವು ಅವರಿಗೆ ದೊರೆಯಿತು.

ಆಲ್ಬನಿಯ ಸೋಲು, ಬರ್ಮಿಂಗ್‌ಹ್ಯಾಮ್‌ನ ನಿರ್ಧಾರ

1961ರ ಡಿಸೆಂಬರ್‌ನಲ್ಲಿ ಕಿಂಗ್ ಜಾರ್ಜಿಯಾದ ಆಲ್ಬನಿಯ ಚಳವಳಿಗೆ ಧುಮುಕಿದರು. ಅಲ್ಲಿಯ ಪೊಲೀಸ್ ಮುಖ್ಯಸ್ಥ ಲಾರಿ ಪ್ರಿಚೆಟ್ ಜಾಣ. ಲಾಠಿ ಎತ್ತದೆ, ಪ್ರತಿಭಟನಕಾರರನ್ನು ಸದ್ದಿಲ್ಲದೆ ಬಂಧಿಸಿ ಸುತ್ತಲಿನ ಊರುಗಳ ಜೈಲುಗಳಿಗೆ ಕಳುಹಿಸಿದರು. ಪತ್ರಿಕೆಗಳಿಗೆ ಬರೆಯಲು ಏನೂ ಉಳಿಯಲಿಲ್ಲ. 1962ರ ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಮೆರವಣಿಗೆಗೆ ತಡೆಯಾಜ್ಞೆ ನೀಡಿದಾಗ ಕಿಂಗ್ ಅದಕ್ಕೆ ತಲೆಬಾಗಿದರು. ದಕ್ಷಿಣದ ಕಪ್ಪು ಜನರಿಗೆ ಫೆಡರಲ್ ನ್ಯಾಯಾಲಯಗಳೇ ಆಸರೆ. ಅವುಗಳ ಆಜ್ಞೆಯನ್ನೇ ಮೀರಿದರೆ ಮುಂದೆ ಯಾರ ಬಳಿ ಹೋಗುವುದು ಎಂಬ ಚಿಂತೆ ಅವರದು. ಮೇಲಿನ ನ್ಯಾಯಾಲಯ ಕೆಲವೇ ದಿನಗಳಲ್ಲಿ ಆ ತಡೆಯನ್ನು ತೆರವುಗೊಳಿಸಿತು. ಆದರೆ ಚಳವಳಿಯ ಕಾವು ಅಷ್ಟರಲ್ಲಿ ಆರಿತ್ತು. ಆಲ್ಬನಿಯಿಂದ ಕಿಂಗ್ ಬರಿಗೈಯಲ್ಲಿ ಹೊರಟರು.

ಈ ಸೋಲಿನ ಪಾಠ ಕೆಲಸಕ್ಕೆ ಬಂದದ್ದು 1963ರಲ್ಲಿ, ಅಲಬಾಮದ ಉಕ್ಕಿನ ನಗರ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅಲ್ಲಿ ಫ್ರೆಡ್ ಶಟಲ್ಸ್‌ವರ್ತ್ ಎಂಬ ಧೀರ ಪಾದ್ರಿ ವರ್ಷಗಳಿಂದ ಹೋರಾಟ ನಡೆಸಿದ್ದರು. ಏಪ್ರಿಲ್ 3ರಂದು ಅಂಗಡಿಗಳ ಉಪಾಹಾರ ಕಟ್ಟೆಗಳಲ್ಲಿ ಧರಣಿ ಆರಂಭವಾಯಿತು. ಏಪ್ರಿಲ್ 10ರಂದು ರಾಜ್ಯದ ನ್ಯಾಯಾಧೀಶರೊಬ್ಬರು ಪ್ರತಿಭಟನೆಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರು. ಅದೇ ಹೊತ್ತಿಗೆ ಜಾಮೀನು ನಿಧಿ ಬರಿದಾಗಿತ್ತು. ಬಂಧಿತರನ್ನು ಬಿಡಿಸಲು ಹಣ ತರಬಲ್ಲವರು ಕಿಂಗ್ ಒಬ್ಬರೇ. ಜೈಲಿಗೆ ಹೋದರೆ ಸಂಗಾತಿಗಳನ್ನು ನಡುನೀರಿನಲ್ಲಿ ಕೈಬಿಟ್ಟಂತೆ. ಹೋಗದಿದ್ದರೆ ಆಲ್ಬನಿಯೇ ಮರುಕಳಿಸಿದಂತೆ. ಏಪ್ರಿಲ್ 12, ಶುಭ ಶುಕ್ರವಾರದ ಬೆಳಿಗ್ಗೆ ಆಪ್ತರೊಂದಿಗೆ ಸಮಾಲೋಚಿಸಿದ ಕಿಂಗ್ ಒಳಕೋಣೆಗೆ ಹೋಗಿ ಸ್ವಲ್ಪ ಹೊತ್ತು ಒಬ್ಬರೇ ಇದ್ದರು. ಹೊರಬಂದಾಗ ಹೊಸ ಒರಟು ಬಟ್ಟೆಯ ಕೆಲಸಗಾರರ ಉಡುಪು ಧರಿಸಿದ್ದರು. ಅದೇ ಅವರ ಉತ್ತರವಾಗಿತ್ತು. ಆ ಮಧ್ಯಾಹ್ನ ರಾಲ್ಫ್ ಅಬರ್ನಾಥಿ ಅವರೊಂದಿಗೆ ಮೆರವಣಿಗೆ ಹೊರಟು ಬಂಧನಕ್ಕೊಳಗಾದರು.

ಚಳವಳಿಯನ್ನು ಅಕಾಲಿಕವೆಂದು ಟೀಕಿಸಿದ್ದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಉತ್ತರವಾಗಿ ಜೈಲಿನಲ್ಲಿ ಅವರು ದೀರ್ಘ ಪತ್ರ ಬರೆದರು. ಕೈಗೆ ಸಿಕ್ಕ ಪತ್ರಿಕೆಯ ಅಂಚುಗಳಲ್ಲಿ ಆರಂಭವಾದ ಆ ಬರಹದಲ್ಲಿ ತಮ್ಮ ವಾದವನ್ನು ಸ್ಪಷ್ಟವಾಗಿ ಮಂಡಿಸಿದರು. ಅನ್ಯಾಯದ ಕಾನೂನನ್ನು ಮುರಿಯುವವರು ಬಹಿರಂಗವಾಗಿ, ದ್ವೇಷವಿಲ್ಲದೆ, ಶಿಕ್ಷೆ ಅನುಭವಿಸುವ ಸಿದ್ಧತೆಯಿಂದ ಮುರಿಯಬೇಕು. ಹಾಗೆ ಮಾಡುವವರು ಕಾನೂನಿನ ಬಗ್ಗೆ ನಿಜವಾದ ಗೌರವ ಉಳ್ಳವರು ಎಂಬುದು ಅದರ ತಿರುಳು.

ಮೇ 2ರಂದು ಶಾಲಾ ಮಕ್ಕಳು ಬೀದಿಗಿಳಿದರು. ಮಕ್ಕಳನ್ನು ಮುಂದೆ ಬಿಟ್ಟದ್ದಕ್ಕೆ ಕಿಂಗ್ ಅವರನ್ನು ಮಿತ್ರರೂ ವಿರೋಧಿಗಳೂ ಟೀಕಿಸಿದರು. ಮರುದಿನ ನಗರದ ಸುರಕ್ಷತಾ ಆಯುಕ್ತ ಬುಲ್ ಕಾನರ್ ಮಕ್ಕಳ ಮೇಲೆ ಅಗ್ನಿಶಾಮಕ ದಳದ ಜಲಧಾರೆ ಹಾಯಿಸಿ, ಪೊಲೀಸ್ ನಾಯಿಗಳನ್ನು ಛೂ ಬಿಟ್ಟರು. ಆ ಚಿತ್ರಗಳು ಜಗತ್ತಿನಾದ್ಯಂತ ಪ್ರಕಟವಾದವು. ಒಂದು ವಾರದೊಳಗೆ ವ್ಯಾಪಾರಿಗಳು ಒಪ್ಪಂದಕ್ಕೆ ಬಂದರು. ಜೂನ್ 11ರಂದು ಅಧ್ಯಕ್ಷ ಕೆನೆಡಿ ದೇಶವನ್ನುದ್ದೇಶಿಸಿ ಮಾತನಾಡಿ, ನಾಗರಿಕ ಹಕ್ಕುಗಳ ಮಸೂದೆ ತರುವುದಾಗಿ ಪ್ರಕಟಿಸಿದರು.

ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸೇರಿದ ರ‍್ಯಾಲಿ ಆ ಮಸೂದೆಗೆ ಬಲ ತುಂಬಿತು. ಕಿಂಗ್ ಅಂದು ಮಾಡಿದ ಭಾಷಣ ಚರಿತ್ರೆಯ ಭಾಗವಾಗಿದೆ. ಆದರೆ ಹದಿನೆಂಟೇ ದಿನಗಳ ಬಳಿಕ ಬರ್ಮಿಂಗ್‌ಹ್ಯಾಮ್‌ನ ಚರ್ಚೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಬಾಲಕಿಯರು ಸತ್ತರು. ನವೆಂಬರ್‌ನಲ್ಲಿ ಕೆನೆಡಿ ಹತ್ಯೆಯಾಯಿತು. ಉತ್ತರಾಧಿಕಾರಿ ಲಿಂಡನ್ ಜಾನ್ಸನ್, ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರ ಸುದೀರ್ಘ ಅಡ್ಡಿಯನ್ನು ದಾಟಿಸಿ ಮಸೂದೆಗೆ ಅಂಗೀಕಾರ ಪಡೆದರು. 1964ರ ಜುಲೈ 2ರಂದು ಸಹಿ ಬಿದ್ದ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ಚಿತ್ರಮಂದಿರ, ಉದ್ಯೋಗಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಅದೇ ವರ್ಷ 35ರ ವಯಸ್ಸಿನ ಕಿಂಗ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸುಮಾರು 54 ಸಾವಿರ ಡಾಲರ್ ಮೊತ್ತವನ್ನು ಅವರು ಚಳವಳಿಗೆ ಅರ್ಪಿಸಿದರು.

ಸೇತುವೆಯ ಮೇಲೆ ಹಿಂದಿರುಗಿದ ಹೆಜ್ಜೆ

ಹೊಸ ಕಾಯ್ದೆ ಉಪಾಹಾರ ಗೃಹದ ಬಾಗಿಲು ತೆರೆಯಿತು, ಮತಗಟ್ಟೆಯ ಬಾಗಿಲನ್ನಲ್ಲ. ಅಲಬಾಮದ ಸೆಲ್ಮಾ ಪಟ್ಟಣವಿರುವ ಡಲ್ಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಸುಮಾರು 15 ಸಾವಿರ ಕಪ್ಪು ಜನರಿದ್ದರು. ಮತದಾರರ ಪಟ್ಟಿಯಲ್ಲಿದ್ದವರು ಕೆಲವೇ ನೂರು ಮಂದಿ. ಅಕ್ಷರ ಪರೀಕ್ಷೆ, ಕಚೇರಿಯ ಕಿರುಕುಳ, ನೌಕರಿ ಕಳೆದುಕೊಳ್ಳುವ ಭಯ ಉಳಿದವರನ್ನು ದೂರವಿಟ್ಟಿದ್ದವು.

1965ರ ಮಾರ್ಚ್ 7ರ ಭಾನುವಾರ ಸುಮಾರು 600 ಜನ ಸೆಲ್ಮಾದಿಂದ ಮಾಂಟ್‌ಗೊಮರಿಯತ್ತ ಪಾದಯಾತ್ರೆ ಹೊರಟರು. ಎಡ್ಮಂಡ್ ಪೆಟ್ಟಸ್ ಸೇತುವೆ ದಾಟುತ್ತಿದ್ದಂತೆ ರಾಜ್ಯದ ಪೊಲೀಸರು ಲಾಠಿ, ಅಶ್ರುವಾಯುಗಳೊಂದಿಗೆ ಅವರ ಮೇಲೆ ಎರಗಿದರು. ಯುವ ನಾಯಕ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಅಂದು ಕಿಂಗ್ ಸೆಲ್ಮಾದಲ್ಲಿರಲಿಲ್ಲ. ಮಂಗಳವಾರ ತಾವೇ ಮುಂದಾಳಾಗಿ ನಡೆಯುವುದಾಗಿ ಘೋಷಿಸಿ, ದೇಶದ ಧರ್ಮಗುರುಗಳಿಗೆ ಕರೆ ಕಳುಹಿಸಿದರು.

ಆದರೆ ಯಾತ್ರೆಗೆ ರಕ್ಷಣೆ ಕೋರಿ ಹೋದ ಅರ್ಜಿ ವಿಚಾರಣೆಯಾಗುವವರೆಗೆ ಯಾರೂ ನಡೆಯಕೂಡದೆಂದು ಫೆಡರಲ್ ನ್ಯಾಯಾಧೀಶರು ಆಜ್ಞಾಪಿಸಿದರು. ಆ ನ್ಯಾಯಾಧೀಶರೇ ಫ್ರಾಂಕ್ ಜಾನ್ಸನ್. ಒಂಬತ್ತು ವರ್ಷಗಳ ಹಿಂದೆ ಬಸ್ಸುಗಳ ಪ್ರಕರಣದಲ್ಲಿ ನ್ಯಾಯ ಕೊಟ್ಟವರು. ಅವರ ಮಾತು ಮೀರಿದರೆ ಕೈಹಿಡಿಯಬಲ್ಲ ನ್ಯಾಯಾಲಯವನ್ನೇ ದೂರ ಮಾಡಿಕೊಂಡಂತೆ. ಮೀರದಿದ್ದರೆ ದೂರದೂರುಗಳಿಂದ ಬಂದ ಜನರಿಗೂ, ಭಾನುವಾರ ಏಟು ತಿಂದವರಿಗೂ ಕೊಟ್ಟ ಮಾತಿಗೆ ತಪ್ಪಿದಂತೆ.

ಮಾರ್ಚ್ 9ರಂದು ಕಿಂಗ್ ಸುಮಾರು ಎರಡು ಸಾವಿರ ಜನರೊಂದಿಗೆ ಸೇತುವೆ ಏರಿದರು. ಆಚೆ ಬದಿಯಲ್ಲಿ ಪೊಲೀಸರ ಸಾಲು ನಿಂತಿತ್ತು. ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದರು. ಬಳಿಕ ಕಿಂಗ್ ಹಿಂದಿರುಗಿದರು. ಹಿಂಬಾಲಿಸಿದ ಜನ ದಿಗ್ಭ್ರಮೆಗೊಂಡರು. ಇದು ಮೊದಲೇ ಆದ ಒಳ ಒಪ್ಪಂದವೆಂದು ವಿದ್ಯಾರ್ಥಿ ಸಂಘಟನೆಯ ಯುವಕರು ಸಿಟ್ಟಾದರು. ಆ ರಾತ್ರಿ ಕರೆಗೆ ಓಗೊಟ್ಟು ಬಂದಿದ್ದ ಬಿಳಿಯ ಪಾದ್ರಿ ಜೇಮ್ಸ್ ರೀಬ್ ಮೇಲೆ ದುಷ್ಕರ್ಮಿಗಳು ಹಲ್ಲೆ ನಡೆಸಿದರು. ಎರಡು ದಿನಗಳಲ್ಲಿ ಅವರು ಪ್ರಾಣಬಿಟ್ಟರು.

ಮಾರ್ಚ್ 17ರಂದು ನ್ಯಾಯಾಧೀಶ ಜಾನ್ಸನ್ ಯಾತ್ರೆಗೆ ಅನುಮತಿ ನೀಡಿದರು. ಅನ್ಯಾಯ ದೊಡ್ಡದಾದಷ್ಟೂ ಅದರ ವಿರುದ್ಧ ಪ್ರತಿಭಟಿಸುವ ಹಕ್ಕು ದೊಡ್ಡದಾಗಬೇಕು ಎಂಬುದು ಅವರ ತೀರ್ಪಿನ ಸಾರ. ಮಾರ್ಚ್ 21ರಂದು ಹೊರಟ ಪಾದಯಾತ್ರೆ ಸೈನಿಕರ ರಕ್ಷಣೆಯಲ್ಲಿ ಸುಮಾರು 87 ಕಿಲೋಮೀಟರ್ ಕ್ರಮಿಸಿ 25ರಂದು ಮಾಂಟ್‌ಗೊಮರಿಯ ಶಾಸನಭವನ ತಲುಪಿತು. ಅಲ್ಲಿ ಸುಮಾರು 25 ಸಾವಿರ ಜನ ನೆರೆದಿದ್ದರು. ಕಿಂಗ್ ಹಿಂದೊಮ್ಮೆ ಪಾದ್ರಿಯಾಗಿದ್ದ ಚರ್ಚು ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆ ಜಾರಿಗೆ ಬಂತು. ಅಂದು ಸೇತುವೆಯ ಮೇಲೆ ಹಿಂದಿಟ್ಟ ಹೆಜ್ಜೆ ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಜೈಲಿಗೆ ಕೊನೆಯ ಭೇಟಿ

ಬಳಿಕದ ವರ್ಷಗಳು ಕಠಿಣವಾಗಿದ್ದವು. ಉತ್ತರದ ಷಿಕಾಗೋದಲ್ಲಿ ವರ್ಣಭೇದ ಶಾಸನದಲ್ಲಿರಲಿಲ್ಲ, ಬಾಡಿಗೆ ಮನೆ ಮತ್ತು ಬ್ಯಾಂಕ್ ಸಾಲಗಳಲ್ಲಿ ಅಡಗಿತ್ತು. 1966ರಲ್ಲಿ ಅಲ್ಲಿ ಮೆರವಣಿಗೆ ನಡೆಸಿದಾಗ ಕಲ್ಲೇಟು ತಿಂದರು. 1967ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧವನ್ನು ಖಂಡಿಸಿದ ಮೇಲೆ ಅಧ್ಯಕ್ಷ ಜಾನ್ಸನ್ ದೂರವಾದರು, ಪತ್ರಿಕೆಗಳು ತಿರುಗಿಬಿದ್ದವು. ತನಿಖಾ ಸಂಸ್ಥೆ ಎಫ್‌ಬಿಐ 1963ರಿಂದಲೇ ಅವರ ದೂರವಾಣಿಗಳನ್ನು ಕದ್ದಾಲಿಸುತ್ತ, ಖಾಸಗಿ ಬದುಕಿನ ವಿವರ ಹಿಡಿದು ಅವರನ್ನು ಕುಗ್ಗಿಸಲು ಯತ್ನಿಸಿತ್ತು.

1967ರ ಜೂನ್ 12ರಂದು ಸುಪ್ರೀಂ ಕೋರ್ಟ್‌ನಿಂದ ಎರಡು ತೀರ್ಪುಗಳು ಹೊರಬಿದ್ದವು. ಒಂದು, ವರ್ಣಾಂತರ ವಿವಾಹ ನಿಷೇಧವನ್ನು ರದ್ದುಗೊಳಿಸಿದ ಲವಿಂಗ್ ಪ್ರಕರಣ. ಇನ್ನೊಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ ತಡೆಯಾಜ್ಞೆ ಮೀರಿದ್ದಕ್ಕೆ ಕಿಂಗ್ ಮತ್ತು ಸಂಗಡಿಗರಿಗೆ ವಿಧಿಸಿದ್ದ ಶಿಕ್ಷೆಯನ್ನು 5–4ರ ಬಹುಮತದಿಂದ ಎತ್ತಿಹಿಡಿದ ತೀರ್ಪು. ಆಜ್ಞೆ ತಪ್ಪಾಗಿದ್ದರೂ ಅದನ್ನು ಮೀರದೆ ನ್ಯಾಯಾಲಯದಲ್ಲೇ ಪ್ರಶ್ನಿಸಬೇಕಿತ್ತು ಎಂದು ಬಹುಮತದ ನ್ಯಾಯಮೂರ್ತಿಗಳು ಹೇಳಿದರು. ಆ ಮೆರವಣಿಗೆಯ ಫಲವಾದ ಕಾಯ್ದೆ ಜಾರಿಗೆ ಬಂದು ಮೂರು ವರ್ಷ ಕಳೆದಿದ್ದರೂ ಮೆರವಣಿಗೆಯ ಶಿಕ್ಷೆ ಉಳಿದಿತ್ತು. ಅಕ್ಟೋಬರ್ ಕೊನೆಯಲ್ಲಿ ಕಿಂಗ್ ಶಿಕ್ಷೆ ಅನುಭವಿಸಲು ಅಲಬಾಮದ ಜೈಲಿಗೆ ಹೋದರು. ಶಿಕ್ಷೆ ಸ್ವೀಕರಿಸಬೇಕೆಂದು ಬರೆದವರು ಅದನ್ನು ಸ್ವೀಕರಿಸಿದರು. ಅವರ ಮರಣಾನಂತರ, 1969ರಲ್ಲಿ, ಬರ್ಮಿಂಗ್‌ಹ್ಯಾಮ್‌ನ ಮೆರವಣಿಗೆ ಅನುಮತಿ ನಿಯಮವೇ ಸಂವಿಧಾನಬಾಹಿರವಾಗಿತ್ತೆಂದು ಅದೇ ಸುಪ್ರೀಂ ಕೋರ್ಟ್ ಶಟಲ್ಸ್‌ವರ್ತ್ ಅವರ ಮೇಲ್ಮನವಿಯಲ್ಲಿ ತೀರ್ಪಿತ್ತಿತು.

ಮೆಂಫಿಸ್‌ನ ಸಂಜೆ

1968ರ ಫೆಬ್ರುವರಿ 1ರಂದು ಟೆನ್ನೆಸ್ಸಿಯ ಮೆಂಫಿಸ್ ನಗರದಲ್ಲಿ ಮಳೆಯಿಂದ ರಕ್ಷಣೆಗಾಗಿ ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದ ಇಬ್ಬರು ಕಪ್ಪು ಪೌರಕಾರ್ಮಿಕರು ಯಂತ್ರಕ್ಕೆ ಸಿಲುಕಿ ಸತ್ತರು. ಅದೇ ತಿಂಗಳು ಸುಮಾರು 1,300 ಪೌರಕಾರ್ಮಿಕರು ಮುಷ್ಕರ ಹೂಡಿದರು. ಅವರನ್ನು ಬೆಂಬಲಿಸಿ ಕಿಂಗ್ ಮಾರ್ಚ್ 28ರಂದು ನಡೆಸಿದ ಮೆರವಣಿಗೆಯಲ್ಲಿ ಕೆಲವರು ಕಿಟಕಿ ಗಾಜು ಒಡೆದರು, ಪೊಲೀಸರ ಗುಂಡಿಗೆ ಹದಿಹರೆಯದ ಹುಡುಗನೊಬ್ಬ ಬಲಿಯಾದ. ತಮ್ಮ ಮುಂದಾಳತ್ವದ ಮೆರವಣಿಗೆಯೇ ಹಿಂಸೆಗೆ ತಿರುಗಿದ್ದು ಕಿಂಗ್ ಅವರನ್ನು ಜರ್ಜರಿತಗೊಳಿಸಿತು. ಶಾಂತಿಯುತ ಮೆರವಣಿಗೆ ಸಾಧ್ಯವೆಂದು ತೋರಿಸಲು ಏಪ್ರಿಲ್ 3ರಂದು ಮತ್ತೆ ಬಂದರು. ನಗರಾಡಳಿತ ಅಷ್ಟರಲ್ಲಿ ಫೆಡರಲ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತ್ತು.

ಏಪ್ರಿಲ್ 4ರಂದು ಇಡೀ ದಿನ ಕಿಂಗ್ ಲೊರೇನ್ ಮೋಟೆಲ್‌ನಲ್ಲಿ ಕಾದರು. ಅವರ ಪರವಾಗಿ ವಕೀಲರೂ, ಆಪ್ತರಾದ ಆ್ಯಂಡ್ರ್ಯೂ ಯಂಗ್ ಅವರೂ ನ್ಯಾಯಾಲಯದಲ್ಲಿದ್ದರು. ಸಂಜೆ ಯಂಗ್ ಮರಳಿದಾಗ ತಂದ ಸುದ್ದಿ ಶುಭವಾಗಿತ್ತು. ಕೆಲವು ಷರತ್ತುಗಳೊಂದಿಗೆ ಮೆರವಣಿಗೆಗೆ ಅವಕಾಶ ಕೊಡಲು ನ್ಯಾಯಾಧೀಶರು ಒಪ್ಪಿದ್ದರು. ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿರೆಂದು ಹುಸಿಮುನಿಸು ತೋರಿದ ಕಿಂಗ್ ದಿಂಬು ಎಸೆದು ಗೆಳೆಯನೊಂದಿಗೆ ಮಕ್ಕಳಂತೆ ಆಡಿದರು. ಸ್ವಲ್ಪ ಹೊತ್ತಿನ ಬಳಿಕ ಊಟಕ್ಕೆ ಹೊರಡಲೆಂದು ಮೊಗಸಾಲೆಗೆ ಬಂದು ನಿಂತರು. ಆರು ಗಂಟೆ ದಾಟಿ ಒಂದು ನಿಮಿಷಕ್ಕೆ ಎದುರು ಕಟ್ಟಡದ ಕಡೆಯಿಂದ ಹಾರಿದ ಗುಂಡು ಅವರನ್ನು ಬಲಿ ತೆಗೆದುಕೊಂಡಿತು. ಆಗ ಅವರಿಗೆ 39 ವರ್ಷ. ಕೊಲೆಗಾರ ಜೇಮ್ಸ್ ಅರ್ಲ್ ರೇ ತಪ್ಪೊಪ್ಪಿಕೊಂಡು 99 ವರ್ಷಗಳ ಶಿಕ್ಷೆಗೆ ಗುರಿಯಾದ. ಆ ತಪ್ಪೊಪ್ಪಿಗೆಯನ್ನು ಬಳಿಕ ನಿರಾಕರಿಸಿದ.

ಹತ್ಯೆಯ ಸುದ್ದಿಗೆ ನೂರಕ್ಕೂ ಹೆಚ್ಚು ನಗರಗಳಲ್ಲಿ ಗಲಭೆ ಭುಗಿಲೆದ್ದಿತು. ಆದರೆ ಏಪ್ರಿಲ್ 8ರಂದು, ನ್ಯಾಯಾಲಯ ಅನುಮತಿಸಿದ್ದ ಆ ಮೆರವಣಿಗೆ ಮೆಂಫಿಸ್‌ನಲ್ಲಿ ನಡೆಯಿತು. ಮುಂದೆ ನಡೆದವರು ಕೊರೆಟ್ಟಾ ಮತ್ತು ಮಕ್ಕಳು. ಹಿಂದೆ ಸಾವಿರಾರು ಜನ ಮೌನವಾಗಿ ಹೆಜ್ಜೆ ಹಾಕಿದರು. ಒಂದು ಕಲ್ಲೂ ಹಾರಲಿಲ್ಲ. ಏಪ್ರಿಲ್ 11ರಂದು ವಸತಿಯಲ್ಲಿ ವರ್ಣಭೇದ ನಿಷೇಧಿಸುವ ಕಾಯ್ದೆಗೆ ಸಹಿ ಬಿತ್ತು. ಏಪ್ರಿಲ್ 16ರಂದು ಪೌರಕಾರ್ಮಿಕರ ಸಂಘಕ್ಕೆ ನಗರಾಡಳಿತ ಮನ್ನಣೆ ನೀಡಿ, ವೇತನ ಹೆಚ್ಚಿಸಿತು.

ಕಿಂಗ್ ಅವರ ಜನ್ಮದಿನದ ನೆನಪಿಗೆ ಅಮೆರಿಕ 1986ರಿಂದ ಪ್ರತಿ ಜನವರಿಯ ಮೂರನೇ ಸೋಮವಾರ ರಾಷ್ಟ್ರೀಯ ರಜೆ ಆಚರಿಸುತ್ತಿದೆ. ಆದರೆ ಗೆದ್ದ ಕಾನೂನು ಗೆದ್ದಂತೆಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಸೆಲ್ಮಾದ ರಕ್ತದಿಂದ ಹುಟ್ಟಿದ ಮತದಾನ ಹಕ್ಕು ಕಾಯ್ದೆಯ ಒಂದು ಮುಖ್ಯ ಭಾಗವನ್ನು 2013ರಲ್ಲಿ ಸುಪ್ರೀಂ ಕೋರ್ಟೇ ಅಸಿಂಧುಗೊಳಿಸಿತು. ಭೇದಭಾವದ ಇತಿಹಾಸವಿರುವ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಾದ ನಿರ್ಬಂಧ ಅಲ್ಲಿಗೆ ನಿಷ್ಕ್ರಿಯವಾಯಿತು. ಕಿಂಗ್ ಬದುಕಿದ್ದರೆ ಅಚ್ಚರಿಪಡುತ್ತಿರಲಿಲ್ಲವೇನೋ. ನ್ಯಾಯಾಲಯ ಬಾಗಿಲು ತೆರೆಯಬಲ್ಲದು, ಮುಚ್ಚಲೂಬಲ್ಲದು ಎಂಬುದನ್ನು ಅವರು ಒಂದೇ ದಿನದಲ್ಲಿ ಕಂಡಿದ್ದರು, ಮಾಂಟ್‌ಗೊಮರಿಯಲ್ಲಿ, 27ರ ವಯಸ್ಸಿನಲ್ಲಿ. ಆ ಬಾಗಿಲ ಮುಂದೆ ಜನ ನಿಂತಿರಬೇಕೆಂಬುದೇ ಅಲ್ಲಿಂದಾಚೆಗೆ ಅವರು ನಡೆದ ಹಾದಿ.